ಸುರಂಗದ ಶಾಖಕ್ಕೆ ಮೈಲಿಗೆ

ಶುದ್ಧ ಯಾವುದು, ಅಶುದ್ಧ ಯಾವುದು ಎಂಬ ವಿವೇಕವೇ ಮನುಷ್ಯನನ್ನು ಪ್ರಾಣಿಗಳಿಂದ ಬೇರೆ ಮಾಡುತ್ತದೆ. ಆ ವಿವೇಕದ ದೆಸೆಯಿಂದ ನಾನೀಗ ಅಮೆರಿಕದ ಫೋರ್ಟ್ ಲೀಯ ನಮ್ಮ ಮನೆಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದೇನೆ.

ನಮ್ಮ ಬಿಲ್ಡಿಂಗಿನ ಬಾಯ್ಲರಿಗೆ ವಯಸ್ಸಾಗಿದೆ. ಮೂಲೆ ಮನೆಗಳಿಗೆ ಶಾಖ ತಲುಪುವುದಿಲ್ಲ. ನಮ್ಮದು ಮೂಲೆ ಮನೆ. (ಕೊಳ್ಳುವಾಗ ವ್ಯೂ ಚೆನ್ನಾಗಿದೆ ಅಂದಿದ್ದರು. ನಿಜ. ಕಂಬಳಿ ಹೊದ್ದು ನೋಡಬೇಕು, ಅಷ್ಟೆ.)

ಧಾರವಾಡದ ಕುಲಕರ್ಣಿ ನಮ್ಮ ನೆರೆಯವರು, ಸುರಂಗಗಳ ಎಂಜಿನಿಯರ್. ಊರೆಲ್ಲ ಡಾಟ್ ಕಾಮ್ ಅಂತ ಆಕಾಶ ನೋಡುತ್ತಿರುವಾಗ ನೆಲದ ಕೆಳಗೆ ನೋಡುವ ಏಕೈಕ ಕನ್ನಡಿಗ. ಓನರ್‌ಗಳ ಮೀಟಿಂಗಿನಲ್ಲಿ ಎದ್ದು ನಿಂತು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮಗಾಗಿ ಕನ್ನಡದಲ್ಲಿ ವಿವರಿಸಿದರು.

"ನಮ್ಮ ಗುಡ್ಡದ ಕೆಳಗ ರೈಲಿನ ಸುರಂಗ ಅದರಿ. ಅದರಾಗ ಜಿನುಗೋ ನೀರು ಚಳಿಗಾಲದಾಗೂ ಬೆಚ್ಚಗಿರ್ತದ. ಪಂಪ್ ಮಾಡಿ ಸುಮ್ನ ನದಿಗೆ ಬಿಡ್ತಾರ. ಅದರ ಬಿಸಿ ಅಷ್ಟ ನಾವು ತಗೊಳ್ಳೋಣು. ನೀರು ಮನಿಗೆ ಬರಂಗಿಲ್ಲ."

ಬಿಳಿಯರು, ಕೊರಿಯನ್ನರು ತಲೆಯಾಡಿಸಿದರು. ತಕರಾರು ಬಂದದ್ದು ನಮ್ಮವರಿಂದಲೇ.

"ಚರಂಡಿ ನೀರಲ್ವೇನ್ರೀ ಅದು?" ಅಂದರು ಮೈಸೂರಿನ ವಿಮಲಮ್ಮ.

ನಾನು ಬಾಯಿ ಹಾಕಿದೆ. "ಸಿಟಿಗೆ ದಿನಾ ಸುರಂಗದಲ್ಲೇ ಹೋಗಿಬರ್ತೀರಲ್ಲ ವಿಮಲಮ್ಮ?"

"ಬಂದ ಮೇಲೆ ಸ್ನಾನ ಮಾಡ್ತೀನಿ."

"ಒಲೆ ಉರಿ ಪಾತ್ರೆಗೆ ತಾಗುತ್ತೆ. ಒಳಗಿನ ಸಾರಿಗೆ ತಾಗುತ್ತಾ? ಇದೂ ಹಾಗೇ."

"ಉರಿ ಅಂದ್ರೆ ಅಗ್ನಿ ಕಣ್ರೀ. ಅಗ್ನಿಗೆಲ್ಲಿ ಮೈಲಿಗೆ?"

ಇದಕ್ಕೆ ಉತ್ತರ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಾರೆ?

ಕಮಿಟಿಯ ಅಧ್ಯಕ್ಷೆ, ಪಾಪ, "ಎನಿ ಪ್ರಾಬ್ಲಮ್?" ಅಂದರು. ಮೈಲಿಗೆಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? "ಟೆಕ್ನಿಕಲ್ ಡಿಸ್ಕಷನ್" ಅಂದೆ.

ವೋಟಿಗೆ ಹಾಕಿದರು. ಮನೆಗೊಂದು ವೋಟು. ನಮ್ಮ ಮನೆ ಇರುವುದು ಹೆಂಡತಿಯ ಹೆಸರಿನಲ್ಲಿ. ಸ್ವೆಟರಿನ ಮೇಲೆ ಸ್ವೆಟರ್ ಹಾಕಿ ಕೂತಿದ್ದವಳು ನನ್ನ ಕಡೆ ಬಗ್ಗಿದಳು.

"ಪೈಪ್ ಹೋಗೋದು ದೇವರ ಮನೆ ಗೋಡೇಲಿ ಅಲ್ವಾ?" (ಕೋಟು ನೇತುಹಾಕಲು ಗೋಡೆಯಲ್ಲಿರುವ ಕ್ಲಾಸೆಟ್ಟಿಗೆ ಹಾಗೆನ್ನುತ್ತೇವೆ.)

"ಆ ಪೈಪಲ್ಲಿ ಇರೋದು ನಮ್ಮ ಬಿಲ್ಡಿಂಗಿನ ನೀರೇ ಕಣೇ. ಸುರಂಗದ ನೀರು ಕೆಳಗೇ ಉಳಿಯುತ್ತೆ."

"ಅದನ್ನ ಬಿಸಿ ಮಾಡೋದು ಯಾವ ನೀರು?"

ಕುಲಕರ್ಣಿ ನನ್ನನ್ನು ನೋಡಿದರು. ನಾನು ಸೀಲಿಂಗ್ ನೋಡಿದೆ.

ಪ್ರಸ್ತಾಪ ಒಂದು ವೋಟಿನಿಂದ ಬಿದ್ದುಹೋಯಿತು.