ಅತ್ಯಾನ ಸೆಟ್ಟು

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಮೊಸರಿನ ಪಾತ್ರೆ ಸ್ಟೀಲಿನದೋ ಪಿಂಗಾಣಿಯದೋ, ನನ್ನ ಡೈರಿಯೂ ಹೇಳುತ್ತಿಲ್ಲ. ಇವತ್ತು ಬೆಳಿಗ್ಗೆ ಖರಾಡಿಯ ನನ್ನ ಮನೆಯಲ್ಲಿ ಮೊಸರಿನ ಮುಚ್ಚಳ ತೆಗೆದಾಗ ಬಂದ ವಾಸನೆಗೆ ನೆನಪಾದದ್ದು ಇದೇ ಊರಿನ ಇನ್ನೊಂದು ತುದಿಯ ಧನಕವಡಿಯ ಅತ್ಯಾ, ಅಂದರೆ ನನ್ನ ಅಪ್ಪನ ಅಕ್ಕ.

‘ಸೆಟ್’ ಎಂಬ ಒಂದೇ ಇಂಗ್ಲಿಷ್ ಪದದಲ್ಲಿ ಅತ್ಯಾ ಸಂಸಾರ ನಡೆಸುತ್ತಿದ್ದರು. ಹಬ್ಬಕ್ಕಷ್ಟೇ ಹೊರಬರುವ ಕಪ್ಪು-ಬಸಿ ಸೆಟ್ಟು. ಯಜಮಾನರು ನೀರಿನಲ್ಲಿ ನೆನೆಹಾಕುವ ಹಲ್ಲೂ ಸೆಟ್ಟು. ಮದುವೆ ಗೊತ್ತಾದ ಹುಡುಗಿ ‘ಸೆಟ್ ಆದ್ಲು’. ಅವರ ಮನೆಯಲ್ಲಿದ್ದುಕೊಂಡು ಇಂಗ್ಲಿಷ್ ಎಂ.ಎ. ಓದುತ್ತಿದ್ದ ನಾನು, ನಿಘಂಟಿನಲ್ಲಿ ಈ ಪದಕ್ಕೆ ಪುಟಗಟ್ಟಲೆ ಅರ್ಥಗಳಿವೆ ಎಂದು ಪಾಂಡಿತ್ಯ ತೋರಿಸಿದೆ.

“ಹೌದೇನು? ಅದರಾಗ ಮೊಸರು ಅದನೋ ಇಲ್ಲೋ, ಅಷ್ಟ ನೋಡು.”

ಅವರಿಗೆ ಅದೇ ಮೊದಲ ಅರ್ಥ. ಮದುವೆಯಾಗಿ ಬರುವಾಗ ಧಾರವಾಡದ ತವರಿನ ಮೊಸರು ಒಂದು ಡಬ್ಬಿಯಲ್ಲಿ, ಅವರ ತೊಡೆಯ ಮೇಲೆ ಕೂತು ಬಂದು ಧನಕವಡಿಯ ಹತ್ತಿರದ ಕಾತ್ರಜದಲ್ಲಿ ಬಸ್ಸಿಳಿದಿತ್ತಂತೆ. ಅಂದಿನಿಂದ ದಿನಾ ಒಂದು ಚಮಚ ತೆಗೆದಿಟ್ಟು ಮರುದಿನದ ಹಾಲಿಗೆ ಹೆಪ್ಪು. ಒಮ್ಮೆ ನಾಲ್ಕು ದಿನ ಆಸ್ಪತ್ರೆಗೆ ಹೋಗುವಾಗ ನನಗೆ ಹೇಳಿದ್ದು ಇಷ್ಟೇ: “ಹೆಪ್ಪು ತೆಗೆದಿಡೋದು ಮರೀಬ್ಯಾಡವಾ. ಅವ್ವನ ಕೈಂದು ಅದೊಂದ ಉಳದದ.”

ಎರಡನೆಯ ದಿನವೇ, ಪುಸ್ತಕ ಹಿಡಿದುಕೊಂಡು ಉಣ್ಣುತ್ತ, ಇದ್ದ ಮೊಸರನ್ನೆಲ್ಲ ಅನ್ನಕ್ಕೆ ಸುರಿದುಕೊಂಡೆ. ಎಂದೂ ಇಲ್ಲದ ಶಿಸ್ತಿನಿಂದ ಪಾತ್ರೆಯನ್ನು ತೊಳೆದೂ ಇಟ್ಟೆ. ಹೆಪ್ಪು ತೆಗೆದಿಟ್ಟಿಲ್ಲವೆಂದು ಹೊಳೆದದ್ದು ಆಮೇಲೆ. ಮೂಲೆಯ ಡೇರಿಯಿಂದ ಮೊಸರು ತಂದು, ಅದನ್ನೇ ಹಾಲಿಗೆ ಬೆರೆಸಿದೆ, ಯಾರಿಗೂ ಹೇಳಲಿಲ್ಲ. ಅತ್ಯಾ ಮರಳಿದ ದಿನ ನಾನೇ ಬಡಿಸಿದೆ. ಮೊದಲ ತುತ್ತಿಗೆ ಒಂದು ಕ್ಷಣ ತಡೆದರು. ನಂತರ, “ಭಾಳ ಛಲೋ ಸೆಟ್ ಆಗೇದ,” ಎಂದು ಎರಡನೇ ಸಲವೂ ಹಾಕಿಸಿಕೊಂಡರು.

ನಾನು ಖರಾಡಿಗೆ ಬಂದಾಗ ಡಬ್ಬಿಯಲ್ಲಿ ಅದೇ ಹೆಪ್ಪು ಕೊಟ್ಟು, ಧಾರವಾಡದ್ದು, ಜೋಪಾನ ಎಂದರು. ಡೇರಿಯ ಮೊಸರಿಗೆ ನಾನು ಇಷ್ಟು ವರ್ಷ ಅಪರಾಧಿಯ ಭಕ್ತಿಯಿಂದ ಸೇವೆ ಮಾಡಿದೆ.

ಕಳೆದ ಭಾನುವಾರ ಅತ್ಯಾನ ಪಕ್ಕದ ಮನೆಯ ಮರಾಠಿ ಹೆಂಗಸು, ನಾನು ಕಾಕು ಎಂದು ಕರೆಯುವವರು, ಸಿಕ್ಕಿದ್ದರು. ತಮ್ಮ ಮನೆಯ ಮೊಸರಿಗೂ ಹಿಂದೆಂದೋ ಅತ್ಯಾ ಕೊಟ್ಟ ಹೆಪ್ಪೇ ಮೂಲವಂತೆ. ಆಸ್ಪತ್ರೆಯಿಂದ ಬಂದ ಮರುದಿನ ಅತ್ಯಾ ವಾಟಿ ಬಟ್ಟಲು ಹಿಡಿದು ಬಂದು, ಹುಡುಗಿಗೆ ಹೇಳಬೇಡ ಎಂದು, ಅದರಲ್ಲೇ ಒಂದು ಚಮಚ ವಾಪಸು ಒಯ್ದರಂತೆ. ಅಂದರೆ ನನ್ನ ಅಡುಗೆಮನೆಯಲ್ಲಿರುವುದು ಧಾರವಾಡದ್ದೇ. ಎದೆಯ ಮೇಲಿಂದ ಒರಳುಕಲ್ಲು ಇಳಿಸಿದಂತಾಯಿತು.

ಇವತ್ತು ಒಂದು ಚಮಚ ತೆಗೆದಿಟ್ಟೇ ಅನ್ನ ಕಲಸಿದೆ. ಆಮೇಲೆ ಅತ್ಯಾಗೆ ಫೋನ್ ಮಾಡಿದೆ. ಹಾಲು ಉಕ್ಕಾಕತ್ತದ ಎಂದು ಫೋನ್ ಇಟ್ಟವರು ಸಂಜೆಯಾದರೂ ತಿರುಗಿ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ: “ಅತ್ಯಾ, ಗೊತ್ತಾದ ಮ್ಯಾಲೂ ಅವತ್ತು ಎರಡನೇ ಸಲ ಯಾಕ ಹಾಕಿಸ್ಕೊಂಡ್ರಿ?”