ಬಕೆಟ್ಟಿನ ತಳ

ಬಿರೆತ್ ಗಿಡ್ಡ ಹೆಂಗಸು. ಬೆನ್ನು ಗಟ್ಟಿ, ಮಾತು ಕಡಿಮೆ, ತರುವ ಹಣ್ಣು ಒಂದನೇ ದರ್ಜೆಯದು. ಆದರೆ ಅವಳು ಉತ್ತರದ ಮೂಲನಿವಾಸಿಗಳಾದ ಸಾಮಿ ಜನದವಳು. ಹಾಗಾಗಿ ನಾರ್ವೆಯ ಆ ಕಡಲೂರಿನ ವ್ಯಾಪಾರಿ ಇಂಗ್ವಾಲ್ಡ್ ಅವಳ ಬೆಲೆಯನ್ನು ಮೊದಲ ದಿನವೇ ಇಳಿಸಿಟ್ಟಿದ್ದ.

ಜೌಗುನೆಲದ ಹೊಂಬಣ್ಣದ ಹಣ್ಣನ್ನು ಊರವರು ತಂದರೆ ಅವನು ಮೇಲ್ಮೇಲೆ ನೋಡಿ ತೂಗುತ್ತಿದ್ದ. ಬಿರೆತ್ ತಂದರೆ ಮೊಣಕೈವರೆಗೆ ಕೈ ಇಳಿಸಿ ಬಕೆಟ್ಟಿನ ತಳ ತಡಕುತ್ತಿದ್ದ. ಹಣ್ಣು ಜಜ್ಜಿಹೋಗುತ್ತಿತ್ತು; ಜಜ್ಜಿದ್ದಕ್ಕೆ ದರ ಇಳಿಸುತ್ತಿದ್ದ.

"ತಳದಲ್ಲೂ ಹಣ್ಣೇ ಇರೋದು, ಸಾಹುಕಾರ್ರೇ," ಎನ್ನುತ್ತಿದ್ದಳು ಬಿರೆತ್.

"ನಿಮ್ಮ ಜನಾನ ನಾನು ಬಲ್ಲೆ ಕಣಮ್ಮ."

ಒಂದು ವರ್ಷ ಅಂಗಡಿಯ ಪಕ್ಕದ ಮನೆಯ ಓಲುಫನ ಬಕೆಟ್ಟಿನ ತಳದಲ್ಲಿ ತೂಕ ಹೆಚ್ಚಿಸಲು ತುಂಬಿದ್ದ ಒದ್ದೆ ಪಾಚಿ ಸಿಕ್ಕಿತು. "ಓಲುಫ ಮೊದ್ಲಿಂದ್ಲೂ ತುಂಟ," ಎಂದು ಇಂಗ್ವಾಲ್ಡ್ ನಕ್ಕುಬಿಟ್ಟ. ಮಾರನೆಯ ದಿನ ಬಿರೆತ್‌ಳ ಬಕೆಟ್ಟಿಗೆ ಎರಡೂ ಕೈ ಹಾಕಿದ.

ಆ ಚಳಿಗಾಲದಲ್ಲಿ ಬಿರೆತ್ ತೀರಿಕೊಂಡಳು. ಮುಂದಿನ ಆಗಸ್ಟಿನಲ್ಲಿ ಅವಳ ಮಗಳು ಮಾರಿತ್ ಬಂದಳು. ಅವನು ಅಂಗಿಯ ತೋಳು ಮಡಚುವ ಮೊದಲೇ ನೆಲಕ್ಕೆ ಬಟ್ಟೆ ಹಾಸಿ, ಹಣ್ಣನ್ನೆಲ್ಲ ಮೆಲ್ಲಗೆ ಸುರಿದಳು.

"ಇದೇನೇ ಮಾಡ್ತಿದ್ದೀಯ?"

"ಅಮ್ಮ ಹೇಳಿದ್ಲು. ನೀವು ಕೈ ಹಾಕಿದ್ರೆ ಹಣ್ಣು ಹಾಳಾಗುತ್ತಂತೆ. ಹೀಗೇ ನೋಡ್ಕೊಂಡ್ಬಿಡಿ."

ಅಂಗಡಿಯಲ್ಲಿದ್ದ ಊರವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇಂಗ್ವಾಲ್ಡ್‌ಗೆ ಮಾತ್ರ ಬಟ್ಟೆಯ ಕಡೆ ನೋಡಲು ಧೈರ್ಯ ಬರಲಿಲ್ಲ. ಇಪ್ಪತ್ತು ವರ್ಷ ತಡಕಿದರೂ ಆ ತಳದಲ್ಲಿ ಅವನಿಗೆ ಒಂದು ಎಲೆಯೂ ಸಿಕ್ಕಿರಲಿಲ್ಲ. ಅವನು ಬಿರೆತ್‌ಳಲ್ಲಿ ಕ್ಷಮೆ ಕೇಳಬೇಕಿತ್ತು. ಅವಳ ಮಗಳಲ್ಲೂ ಕೇಳಲಿಲ್ಲ.