ಕಾಲುವೆಯ ಅವನ ಅರ್ಧ

ನೈರೋಬಿಯ ಲೊರೆಶೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಮುದುಕನನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಬೆಲ್ಜಿಯಂನ ಫ್ಲೆಮಿಶ್ ರೈತನ ಮಗ. ಕಣ್ಣು ಪೂರ್ತಿ ಮಂಜಾಗಿತ್ತು, ನಾಲಿಗೆ ಮಾತ್ರ ಹರಿತ. ಅವನ ಹಳ್ಳಿಯವರು ಊರಿನ ಚರಿತ್ರೆಯ ಪುಸ್ತಕ ಹೊರತರುತ್ತಿದ್ದರು, ಮನೆತನಕ್ಕೊಂದು ಪುಟ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಟೈಪ್ ಮಾಡಬೇಕು, ಅಲ್ಲಿ ಅವನ ಅಣ್ಣನ ಮಗಳು ತಮ್ಮ ಭಾಷೆಗೆ ತಿರುಗಿಸುತ್ತಾಳೆ. ನನ್ನ ಗಂಡ ನನ್ನನ್ನು ಕೇಳದೆಯೇ ಒಪ್ಪಿಕೊಂಡು ಬಂದಿದ್ದರು.

"ಒಂದು ಪೇಜ್ ತಾನೆ, ಅಡ್ಜಸ್ಟ್ ಮಾಡ್ಕೊಳೇ," ಎಂದರು. ಊರಿಗೆ ಉಪಕಾರಿ, ಮನೆಗೆ ಮಾರಿ.

ಆ ಒಂದು ಪುಟಕ್ಕೆ ಮೂರು ವಾರ ಹಿಡಿಯಿತು. ಒಂದು ಚರ್ಚು, ಒಂದು ಬೀದಿ, ಕಾಲಿಗಂಟುವ ಜೇಡಿಮಣ್ಣು, ಹೊಲದ ತುಂಬ ಸಕ್ಕರೆ ತೆಗೆಯುವ ಬೀಟ್‌ರೂಟು. ಪಕ್ಕದೂರಿಂದ ಬಂದ ಸೊಸೆ ಸಾಯುವವರೆಗೂ ಅಲ್ಲಿ ಹೊರಗಿನವಳೇ. ಇದನ್ನೆಲ್ಲ ಅವನು ಹೆಮ್ಮೆಯಿಂದ ಹೇಳುವಾಗ ನನಗೆ ಮೈ ಉರಿಯುತ್ತಿತ್ತು.

ಚಳಿಗಾಲಕ್ಕೆ ಮುಂಚೆ ಹೊಲಗಳ ನಡುವಿನ ಕಾಲುವೆಯ ಹೂಳನ್ನು ಎರಡೂ ಕಡೆಯವರು ಸರಿಯಾಗಿ ನಡುಮಧ್ಯದವರೆಗೆ ಎತ್ತಬೇಕಂತೆ. ಒಂದು ಗುದ್ದಲಿ ಹೆಚ್ಚು ಎತ್ತಿದರೂ ಅವಮಾನ. ಜಮೀನು ಪಾಲಾದ ಮೇಲೆ ಇವನೂ ಇವನಣ್ಣನೂ ಮಾತು ಬಿಟ್ಟು, ಬೆನ್ನಿಗೆ ಬೆನ್ನು ಹಾಕಿ ತಂತಮ್ಮ ಅರ್ಧ ಎತ್ತಿದರು. ಆಮೇಲೆ ಇವನು ಹೊಲವನ್ನು ಹಾಗೇ ಬಿಟ್ಟು ನೈರೋಬಿಗೆ ಬಂದುಬಿಟ್ಟ.

ಕೊನೆಯ ವಾರ ನಾನು ಹೋದಾಗ, ಬೀಟ್‌ರೂಟಿನ ವಿಷಯ ಹೇಳುವ ದನಿಯಲ್ಲೇ ಹೇಳಿದ: "ಅಣ್ಣ ಹೋದ. ಅವನ ಮಗಳು ಫೋನ್ ಮಾಡಿದ್ಲು. ಇಷ್ಟು ವರ್ಷ ನನ್ನ ಅರ್ಧಾನೂ ಅವನೇ ಎತ್ತುತಿದ್ನಂತೆ."

ನಾನು ಏನಾದರೂ ಹೇಳುವ ಮೊದಲೇ, "ಬರಿ. ನಮ್ಮ ಕಾಲುವೆಯಲ್ಲಿ ಯಾವತ್ತೂ ಹೂಳು ನಿಲ್ಲಲಿಲ್ಲ," ಎಂದ.

"ಎತ್ತಿದ್ದು ಯಾರು ಅಂತ ಬರೀಲಿ?"

"ಅದು ಬೇಡ."

ನನಗೆ ಅಸಹ್ಯವಾಯಿತು. ಜೀವಮಾನವಿಡೀ ತಮ್ಮನ ಪಾಲನ್ನೂ ಎತ್ತಿದವನಿಗೆ ಒಂದು ಸಾಲೂ ಇಲ್ಲವೇ? 'ನನ್ನ ಅರ್ಧವನ್ನೂ ಅಣ್ಣನೇ ಎತ್ತಿದ' ಎಂದು ಟೈಪ್ ಮಾಡಿ ಗಟ್ಟಿಯಾಗಿ ಓದಿದೆ.

"ಅಳಿಸು."

"ನಾನು ಅಳಿಸಲ್ಲ. ಬೇಕಾದ್ರೆ ನೀವೇ ಅಳಿಸ್ಕೊಳ್ಳಿ," ಎಂದು ಲ್ಯಾಪ್‌ಟಾಪನ್ನು ಅವನ ಮುಂದೆ ತಳ್ಳಿದೆ. ಕಣ್ಣು ಕಾಣದವನಿಗೆ ಹಾಗೆ ಮಾಡಬಾರದೆಂದು ನನಗೂ ಗೊತ್ತಿತ್ತು. ಅವನು ಕೀಲಿಗಳನ್ನು ತಡವಿದ, ಒಂದನ್ನೂ ಒತ್ತಲಿಲ್ಲ. ಕೆಲಸದಾಕೆ ತಂದಿಟ್ಟ ಚಹಾಕ್ಕೆ ಸ್ವಾಹಿಲಿಯಲ್ಲಿ ಅಸಾಂಟೆ ಎಂದು ಥ್ಯಾಂಕ್ಸ್ ಹೇಳುವುದನ್ನೂ ಮರೆತು ಕೂತಿದ್ದ.

"ಇರ್ಲಿ," ಎಂದ ಕೊನೆಗೆ. "ಆದ್ರೆ ಅವನು ಯಾವತ್ತೂ ಸಾಕಷ್ಟು ಆಳಕ್ಕೆ ಎತ್ತುತಿರ್ಲಿಲ್ಲ. ಅದನ್ನೂ ಬರಿ."

ಬರೆದೆ. ಇಡೀ ಪುಟದಲ್ಲಿ ಅವನು ಎರಡು ಸಲ ಓದಿಸಿಕೊಂಡದ್ದು ಆ ಎರಡು ಸಾಲನ್ನು ಮಾತ್ರ.